ಏಳನೇ ಸ್ಲೈಡು

ಭಟ್ಕಳದ ಕಾಲೇಜಿನ ಸಭಾಂಗಣದಲ್ಲಿ ಶಾಂಭವಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸುವಾಗ ಹನ್ನೊಂದೂ ಕಾಲು. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವಳ ಸೊಂಟ ನೆಟ್ಟಗೆ ನಿಲ್ಲಲು ಒಪ್ಪುತ್ತಿರಲಿಲ್ಲ. ಎದುರಿಗೆ ನಲವತ್ತು ವಿದ್ಯಾರ್ಥಿಗಳಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಅರ್ಥಶಾಸ್ತ್ರದ ಮಾಸ್ತರು ರಜೆಯಲ್ಲಿದ್ದಾರೆಂದು ಕಳಿಸಲ್ಪಟ್ಟವರು ಎನ್ನುವುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಶಾಂಭವಿ ಬೆಂಗಳೂರಿನ ಒಂದು ಚಲನಚಿತ್ರ ಶಾಲೆಯಲ್ಲಿ ಸಂಕಲನ ಕಲಿಸುತ್ತಿದ್ದಳು. ತಾನೂ ಅಲ್ಲೇ ಕಲಿತವಳು. ಗುತ್ತಿಗೆಯ ಕೆಲಸ, ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗಿ ಸಹಿ ಹಾಕಬೇಕು. ವಯಸ್ಸು ಮೂವತ್ತೆಂಟು. ಪ್ರತಿ ಫೆಬ್ರವರಿಯಲ್ಲಿ ಶಾಲೆಯವರು ಜಿಲ್ಲೆ ಜಿಲ್ಲೆಗೆ ಒಬ್ಬೊಬ್ಬ ಅಧ್ಯಾಪಕರನ್ನು ಅಟ್ಟಿ ಮುಂದಿನ ವರ್ಷಕ್ಕೆ ಅರ್ಜಿ ಬರುವಂತೆ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ಕಾಯುವ ಮಕ್ಕಳಿಲ್ಲವಲ್ಲ ಎಂದು ಮೂರು ವರ್ಷದಿಂದ ಕರಾವಳಿ ಇವಳ ಪಾಲಿಗೆ ಬಂದಿತ್ತು. ಈ ಸಲ ಮೂರು ದಿನ, ಮೂರು ಊರು: ಭಟ್ಕಳ, ಹೊನ್ನಾವರ, ಕುಮಟಾ.

‘ನಮ್ಮಲ್ಲಿ ವಿದ್ಯಾರ್ಥಿಗಳಿಗಿರುವ ಅವಕಾಶಗಳು’ ಎಂಬ ಹೆಸರಿನ ಹನ್ನೆರಡು ಸ್ಲೈಡುಗಳು. ಯಾವುದರಲ್ಲಿ ಏನಿದೆ ಎಂದು ನೋಡದೆಯೇ ಹೇಳಬಲ್ಲಳು. ಹಾಸ್ಟೆಲು, ಗ್ರಂಥಾಲಯ, ಹೊಸ ಕ್ಯಾಮೆರಾ, ದೊಡ್ಡ ನಿರ್ದೇಶಕರ ಕಾರ್ಯಾಗಾರ, ವಿದ್ಯಾರ್ಥಿವೇತನ. ಏಳನೆಯದರಲ್ಲಿ ಒಂದೇ ಒಂದು ಫೋಟೋ. ಹದಿನಾಲ್ಕು ವರ್ಷದ ಹಿಂದೆ ಶಾಲೆಯ ಡಿಪ್ಲೊಮಾ ಚಿತ್ರವೊಂದು ಹೊರದೇಶದ ವಿದ್ಯಾರ್ಥಿ ಚಿತ್ರೋತ್ಸವಕ್ಕೆ ಆಯ್ಕೆಯಾಗಿ ಪ್ರಶಸ್ತಿ ಗೆದ್ದಿತ್ತು. ಎಂಟು ಜನ ಹಿಮದಲ್ಲಿ ನಿಂತು ನಗುತ್ತಿದ್ದಾರೆ. ನಡುವೆ, ಪ್ರಶಸ್ತಿಪತ್ರ ಹಿಡಿದವನು ಛಾಯಾಗ್ರಾಹಕ ಪ್ರಮೋದ. ಬಲತುದಿಯಲ್ಲಿ ಯಾರದೋ ಕೋಟು ತೊಟ್ಟು ಕುಗ್ಗಿ ನಿಂತವಳು ಶಾಂಭವಿ. ಆ ಚಿತ್ರದ ಸಂಕಲನ ಅವಳದು. ಕೆಳಗೆ ಬರೆದಿತ್ತು: ‘ನಮ್ಮ ವಿದ್ಯಾರ್ಥಿಗಳು ವಿಶ್ವದ ವೇದಿಕೆಯಲ್ಲಿ.’

ಮಾತು ಮುಗಿದ ಮೇಲೆ ಎರಡನೇ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ತೆಳ್ಳಗಿದ್ದಳು, ಕೈಯಲ್ಲಿ ನೋಟುಪುಸ್ತಕ.

“ಮೇಡಂ, ಕಲ್ತು ಮುಗ್ದ ಮೇಲೆ ಎಂತ ಅವಕಾಶ ಅದೆ? ಆ ಫೋಟೋದಲ್ಲಿದ್ದವ್ರಿಗೆಲ್ಲ ಸಿನಿಮಾದಲ್ಲೇ ಕೆಲ್ಸ ಸಿಕ್ತಾ?”

“ಖಂಡಿತ. ಎಲ್ಲರೂ ಒಳ್ಳೊಳ್ಳೆ ಜಾಗದಲ್ಲಿದ್ದಾರೆ. ಪ್ರತಿಭೆ ಇದ್ದವರಿಗೆ ಅವಕಾಶ ಬೇಕಾದಷ್ಟಿದೆ” ಎಂದಳು ಶಾಂಭವಿ. ಈ ಪ್ರಶ್ನೆಗೆ ಮೂರು ವರ್ಷದಿಂದ ಇದೇ ಉತ್ತರ.

ಹುಡುಗಿ ಕೂತು ಅದನ್ನು ಅಕ್ಷರ ಅಕ್ಷರ ಬರೆದುಕೊಂಡಳು. ಆಮೇಲೆ ಆಸಕ್ತರ ಹಾಳೆಯಲ್ಲಿ ಹೆಸರು ತುಂಬಿದಳು: ದೀಪಾ ಶನಿಯಾರ ಗೊಂಡ, ಬಿ.ಎ. ಕೊನೆಯ ವರ್ಷ, ಮುಟ್ಟಳ್ಳಿ. ಪಕ್ಕದಲ್ಲಿ ಫೋನ್ ನಂಬರು. ಆ ದಿನ ಹೆಸರು ಬರೆದವರು ಒಂಬತ್ತು ಜನ. ಸಾಕು, ಪರವಾಗಿಲ್ಲ ಎಂದುಕೊಂಡು ಶಾಂಭವಿ ಹೊನ್ನಾವರದ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಹೊನ್ನಾವರದ ಕಾಲೇಜಿನಲ್ಲಿ ಏಳನೇ ಸ್ಲೈಡು ಬಂದದ್ದೇ ತಡ, ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಯಿತು.

“ಮೇಡಂ, ಅಂವ ನಮ್ಮ ಸ್ಟುಡಿಯೋ ಪ್ರಮೋದಣ್ಣ ಅಲ್ವಾ?”

“ಹೌದಾ ಮಾರಾಯ, ಅಂವನೇ! ಕೂದ್ಲು ಜಾಸ್ತಿ ಅದೆ ಅಷ್ಟೇ.”

“ನಮ್ಮಕ್ಕನ ಮದ್ವಿ ವಿಡಿಯೋ ಅಂವಂದೇ ಮೇಡಂ. ಎಂಟು ತಿಂಗ್ಳಾತು, ಆಲ್ಬಂ ಇನ್ನೂ ಬರ್ಲಿಲ್ಲ!”

ಇಡೀ ಕೋಣೆ ನಕ್ಕಿತು. ಕೆಟ್ಟ ನಗುವಲ್ಲ, ಪರಿಚಯದವನನ್ನು ಪರದೆಯ ಮೇಲೆ ಕಂಡ ಖುಷಿಯ ನಗು. ಆದರೆ ಅದು ಇಳಿಯುವಾಗ ಮುಂದಿನ ಸಾಲಿನ ಹುಡುಗನೊಬ್ಬ ಗಂಭೀರವಾಗಿಯೇ ಕೇಳಿದ: “ಹಂಗಾರೆ ಅಲ್ಲಿ ಮೂರು ವರ್ಷ ಕಲ್ತು ಬಂದು ಇಲ್ಲಿ ಮದ್ವಿ ಫೋಟೋ ತೆಗೂದಾ ಮೇಡಂ?”

ಪ್ರಮೋದ ಮುಂಬೈಯಲ್ಲಿದ್ದಾನೆ ಎಂದೇ ಶಾಂಭವಿ ತಿಳಿದಿದ್ದಳು. ಫೋನು ಮಾಡಿ ಆರು ವರ್ಷವಾಗಿತ್ತು. ಎಂಟನೇ ಸ್ಲೈಡಿಗೆ ಹೋದಳು. ಮಿಕ್ಕಿದ್ದನ್ನು ಹೇಗೋ ಮುಗಿಸಿದಳು. ಆ ದಿನ ಹಾಳೆಯಲ್ಲಿ ಯಾರೂ ಹೆಸರು ಬರೆಯಲಿಲ್ಲ. ಆಲ್ಬಂ ಬರಲಿಲ್ಲ ಎಂದಿದ್ದ ಹುಡುಗಿಯೇ ಗೇಟಿನ ತನಕ ಬಂದು ಸ್ಟುಡಿಯೋ ಎಲ್ಲಿದೆ ಎಂದು ಹೇಳಿದಳು: ಬಸ್‌ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮಾಳಿಗೆ.

ಪ್ರಮೋದ ಕಂಪ್ಯೂಟರಿನ ಮುಂದೆ ಕೂತು ಯಾವುದೋ ಮದುಮಗಳ ಕೆನ್ನೆಯ ಮೊಡವೆ ಅಳಿಸುತ್ತಿದ್ದ. ಮೆಟ್ಟಿಲ ಸದ್ದಿಗೆ ತಲೆಯೆತ್ತಿದ.

“ಶಾಂಭವೀ! ಯಾವಾಗ ಬಂದ್ಯೇ? ಕೂತ್ಕೊ, ಕೂತ್ಕೊ. ಆ ಕುರ್ಚಿ ಬ್ಯಾಡ, ಕಾಲು ಮುರ್ದದೆ.”

ಚಹಾ ತರಿಸಿದ. ಕೇಳಿದ್ದಕ್ಕೆ ತನ್ನ ಕತೆಯನ್ನು ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸಿದ. ಮುಂಬೈಯಲ್ಲಿ ಏಳು ವರ್ಷ ಮೂರನೇ ಸಹಾಯಕನಾಗಿ ಲೆನ್ಸ್ ಪೆಟ್ಟಿಗೆ ಹೊತ್ತದ್ದು. ಸ್ವತಂತ್ರವಾಗಿ ಚಿತ್ರೀಕರಿಸಿದ ಒಂದೇ ಒಂದು ಸಿನಿಮಾ, ನಿರ್ಮಾಪಕರ ಜಗಳದಲ್ಲಿ ತೆರೆ ಕಾಣದೆ ಉಳಿದದ್ದು. ಇನ್ನೂ ಎರಡು ವರ್ಷ ಕರೆಗಾಗಿ ಕಾದದ್ದು. ಹೆಂಡತಿ ಗಾಯತ್ರಿಗೆ ಹೊನ್ನಾವರದ ಹೈಸ್ಕೂಲಿನಲ್ಲಿ ಕೆಲಸವಾದ ಮೇಲೆ ಹುಟ್ಟಿದೂರಿಗೇ ಬಂದು ಸ್ಟುಡಿಯೋ ಇಟ್ಟದ್ದು.

ಶಾಂಭವಿ ಬೆಳಗಿನ ಸಂಗತಿ ಹೇಳಿದಳು. ಮುಚ್ಚಿಡಬೇಕೆಂದೇ ಬಂದಿದ್ದಳು, ಆಗಲಿಲ್ಲ.

“ಆ ಫೋಟೋ ಇನ್ನೂ ತೋರಿಸ್ತಿದ್ದೀರಾ?” ಪ್ರಮೋದ ನಕ್ಕ. ಲೋಟ ಕೆಳಗಿಟ್ಟ ಮೇಲೆ ಕೇಳಿದ: “ನಾನು ಅಂತ ಗೊತ್ತಾದಾಗ ಎಲ್ಲರೂ ನಕ್ಕರಾ?”

“ಖುಷಿಗೆ ನಕ್ಕರು ಕಣೋ.”

“ಹ್ಞೂಂ.”

“ನಾಳೆ ಕುಮಟಾದಲ್ಲಿ ಅದನ್ನು ತೆಗೆದು ಬಿಡ್ತೀನಿ.”

“ತೆಗಿಬ್ಯಾಡ. ಅದು ನಡ್ದದ್ದೇ ಅಲ್ವಾ? ನಮ್ಮ ಮನೆಗೂ ಒಂದು ಕಾಪಿ ಕಳ್ಸು. ನಾನು ಹಿಮದಲ್ಲಿ ನಿಂತಿದ್ದೆ ಅಂದ್ರೆ ಮಗ್ಳು ನಂಬೂದಿಲ್ಲ.”

ಆ ಸಂಜೆ ಅವನಿಗೆ ಭಟ್ಕಳದ ಬಳಿಯ ತೆಂಗಿನಗುಂಡಿಯ ಕಡಲತೀರದಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಯುವ ಕೆಲಸವಿತ್ತು. ಮುಖಕ್ಕೆ ಬೆಳಕು ತಿರುಗಿಸುವ ಹಲಗೆ ಹಿಡಿಯುವ ಜತೆಗಾರ ಜ್ವರ ಹಿಡಿದು ಮಲಗಿದ್ದ. “ನೀ ಬತ್ಯಾ?” ಎಂದ ಪ್ರಮೋದ. ಲಾಡ್ಜಿನ ಕೋಣೆಯಲ್ಲಿ ಫ್ಯಾನು ನೋಡುತ್ತ ಬಿದ್ದಿರುವುದಕ್ಕಿಂತ ವಾಸಿ ಎಂದು ಶಾಂಭವಿ ಹೊರಟಳು. ಅವನ ಜೀಪಿನಲ್ಲಿ, ಹೆದ್ದಾರಿಯ ಧೂಳಿನಲ್ಲಿ, ಹಿಂದಿನ ದಿನ ಬಂದ ದಾರಿಯಲ್ಲೇ ಮತ್ತೆ ನಲವತ್ತು ಕಿಲೋಮೀಟರು.

ಮದುವೆಯಾಗಲಿದ್ದ ಜೋಡಿಗೆ ಕೆಲಸ ಬೇಗ ಮುಗಿದರೆ ಸಾಕಿತ್ತು. ಹುಡುಗಿಯ ಸೀರೆಯ ಅಂಚು ನೀರಿನಲ್ಲಿ ತೊಯ್ದಿತ್ತು. ಹುಡುಗ ನಿಮಿಷಕ್ಕೊಮ್ಮೆ “ಆತಾ ಅಣ್ಣಾ?” ಎನ್ನುತ್ತಿದ್ದ. ಪ್ರಮೋದ ಮಾತ್ರ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ನಿಂತೇ ಇದ್ದ. ದೂರದಲ್ಲಿ ಒಂದು ದೋಣಿ ಅಡ್ಡ ಬರುತ್ತಿತ್ತು. ಅದು ದಾಟಲಿ ಎಂದು ಕಾದ. ದಾಟಿದ ಮೇಲೆ ಮೋಡದ ತುಂಡೊಂದು ಸರಿಯಲಿ ಎಂದು ಕಾದ. ಹನ್ನೆರಡು ನಿಮಿಷ. ಅಷ್ಟು ಹೊತ್ತೂ ಶಾಂಭವಿ ಹಲಗೆ ಎತ್ತಿ ಹಿಡಿದಿದ್ದಳು. ತೋಳು ಸೋತಾಗ ಕೈ ಬದಲಿಸಿಕೊಂಡಳು. ಇಷ್ಟು ಕಾಯಬೇಕೆಂದು ಯಾರೂ ಅವನನ್ನು ಕೇಳಿರಲಿಲ್ಲ, ಕಾದದ್ದಕ್ಕೆ ಹೆಚ್ಚು ಕೊಡುವವರೂ ಇರಲಿಲ್ಲ. ಆ ಜೋಡಿ ಅದನ್ನು ಫೋನಿನಲ್ಲಿ ಹಾಡು ಹಚ್ಚಿ ಹಾಕುತ್ತದೆ, ಅಷ್ಟೇ. ಚಲನಚಿತ್ರ ಶಾಲೆಯ ದಿನಗಳಲ್ಲೂ ಇವನು ಹೀಗೇ ಎಲ್ಲರ ಪ್ರಾಣ ತಿನ್ನುತ್ತಿದ್ದ.

ಸಾಮಾನು ಕಟ್ಟುವಾಗ ಶಾಂಭವಿ ಹೇಳಿದಳು: “ನಿನ್ನೆ ಭಟ್ಕಳದಲ್ಲಿ ಒಬ್ಬ ಹುಡುಗಿ ನಾನು ಹೇಳಿದ ಸುಳ್ಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು.”

“ಎಂತ ಸುಳ್ಳು?”

“ನೀವೆಲ್ಲ ಒಳ್ಳೊಳ್ಳೆ ಜಾಗದಲ್ಲಿದ್ದೀರಿ ಅಂತ.”

ಪ್ರಮೋದ ಸುತ್ತ ನೋಡಿದ. ಮೀನುಬಲೆ ಒಣಗುತ್ತಿತ್ತು, ತೆಂಗಿನ ಮರಗಳ ನೆರಳು ಉದ್ದವಾಗಿತ್ತು. “ಜಾಗ ಒಳ್ಳೇದೇ ಅದೆ” ಎಂದ. ಇಬ್ಬರೂ ನಕ್ಕರು. “ಎಲ್ಲಿಯವ್ಳು ಆ ಹುಡ್ಗಿ?”

“ಮುಟ್ಟಳ್ಳಿ.”

“ಇಲ್ಲೇ ಆತು. ಫೋನು ಮಾಡು.”

ದೀಪಾಳ ಮನೆ ಗದ್ದೆಯ ಅಂಚಿನಲ್ಲಿತ್ತು. ಅಪ್ಪ ಶನಿಯಾರ, ಅವ್ವ ಬಂಗಾರಿ ಅಂಗಳದಲ್ಲಿ ಕೂತು ಮರುದಿನದ ಪೇಟೆಗೆ ಹರಿವೆ ಸೊಪ್ಪನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ದೊಡ್ಡಪ್ಪನ ಮಗ ವಿನೋದ ಜಗಲಿಯಲ್ಲಿದ್ದ. ದೀಪಾಳದೇ ವಯಸ್ಸು, ಅವಳದೇ ಕ್ಲಾಸು. ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಕಾಲೇಜಿಗೆ ಬಂದ ಮೇಡಂ ಮನೆಗೇ ಬಂದದ್ದು ಕಂಡು ಶನಿಯಾರ ಗಡಬಡಿಸಿ ಎದ್ದ.

“ಅಕ್ಕೋರೇ, ಎಂತ ಆತು? ನಮ್ಮ ಕೂಸು ಎಂತಾರೂ ತಪ್ಪು ಮಾಡ್ತಾ?”

“ಇಲ್ಲಪ್ಪ. ತಪ್ಪು ನಂದು” ಎಂದಳು ಶಾಂಭವಿ. ಹಾಸಿದ ಚಾಪೆಯ ಮೇಲೆ ಕೂತು, ಕೈಗೆ ಕೆಲಸವಿರಲಿ ಎಂದು ತಾನೂ ಒಂದು ಹಿಡಿ ಸೊಪ್ಪು ಎತ್ತಿಕೊಂಡಳು. “ದೀಪಾ, ನಿನ್ನೆ ನಿನಗೆ ಪೂರ್ತಿ ಹೇಳಲಿಲ್ಲ. ಆ ಫೋಟೋದಲ್ಲಿ ಎಂಟು ಜನ ಇದ್ದೀವಿ. ಈಗಲೂ ಸಿನಿಮಾದಲ್ಲೇ ಇರುವವರು ಇಬ್ಬರು. ಒಬ್ಬ ಧಾರಾವಾಹಿ ಮಾಡ್ತಾನೆ. ಒಬ್ಬಳು ವಿಮೆ ಕಂಪನಿಯಲ್ಲಿದ್ದಾಳೆ. ಇಬ್ಬರು ಎಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲ. ಇವನು ಪ್ರಮೋದ, ನಡುವೆ ಪ್ರಶಸ್ತಿ ಹಿಡಿದವನು. ಹೊನ್ನಾವರದಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಎಂಟನೆಯವಳು ನಾನು. ಗುತ್ತಿಗೆ ಮೇಲೆ ಅಲ್ಲೇ ಕಲಿಸ್ತೀನಿ, ನಿಮ್ಮನ್ನೆಲ್ಲ ಸೇರಿಸೋಕೆ ಊರೂರು ಸುತ್ತೋದೂ ನನ್ನ ಕೆಲಸ.”

ದೀಪಾಳ ಮುಖ ಬಿಗಿಯಿತು.

“ನಿನ್ನೆ ಎಂತಕೆ ಹೇಳ್ಲಿಲ್ಲ ಮೇಡಂ? ನಾ ರಾತ್ರಿ ಇವ್ರಿಗೆ ಅದ್ನೇ ಓದಿ ಹೇಳ್ದೆ. ಅಪ್ಪ ಬಿ.ಎಡ್ ಮಾಡು ಅಂದ್ರೆ ನಾ ಜಗಳ ಆಡ್ದೆ.”

ಶಾಂಭವಿ ತಲೆ ತಗ್ಗಿಸಿ ನಾರು ಬಿಗಿದಳು. ಹೇಳಬಹುದಾದ ಕಾರಣಗಳಿದ್ದವು: ಅರ್ಜಿಯ ಲೆಕ್ಕ, ಹನ್ನೊಂದು ತಿಂಗಳ ಸಹಿ. ಈ ಅಂಗಳದಲ್ಲಿ ಕೂತು ಯಾವುದನ್ನೂ ಹೇಳಬೇಕೆನಿಸಲಿಲ್ಲ. “ಅಭ್ಯಾಸವಾಗಿಬಿಟ್ಟಿತ್ತು” ಎಂದಳು.

ಶನಿಯಾರ ಪ್ರಮೋದನ ಕಡೆ ತಿರುಗಿದ. “ನೀವು ಹೇಳಿ. ಕಳ್ಸೂದು ಬ್ಯಾಡ ಅಂತ್ರಾ?”

ಪ್ರಮೋದ ಗಡ್ಡ ಕೆರೆದುಕೊಂಡ. “ನಂಗೆ ಯಾರಾದ್ರೂ ಮೊದ್ಲೇ ಇದ್ನೆಲ್ಲ ಹೇಳಿದ್ರೂ ನಾ ಹೋಗ್ತಿದ್ದೆ. ಆದ್ರೆ ಮುಂಬೈಲಿ ಅಷ್ಟು ವರ್ಷ ಕಾಯ್ತಿರ್ಲಿಲ್ಲ. ಅಷ್ಟೇ ನಂಗೆ ಗೊತ್ತಿರೂದು.” ಆಮೇಲೆ ದೀಪಾಳನ್ನು ಕೇಳಿದ: “ನಿಂಗೆ ಎಂತ ಕಲಿಬೇಕು? ಕ್ಯಾಮೆರಾನಾ?”

“ಅಲ್ಲ” ಎಂದಳು ದೀಪಾ. “ದನಿ ಹಿಡಿಯೂದು.”

ಜಗಲಿಯಿಂದ ವಿನೋದ ಬಾಯಿ ಹಾಕಿದ. “ಎಂಟನೇ ಕ್ಲಾಸಿಂದ ನನ್ನ ಪುಸ್ತಕನೆಲ್ಲ ಅವ್ಳೇ ಫೋನಲ್ಲಿ ಓದಿ ರೆಕಾರ್ಡ್ ಮಾಡಿ ಕೊಡೂದು. ನಾ ಪಾಸಾದ್ರೂ ಅವ್ಳೇ ಕಾರಣ, ಫೇಲಾದ್ರೂ ಅವ್ಳೇ ಕಾರಣ.” ತನ್ನ ಫೋನಿನಲ್ಲಿ ಹುಡುಕಿ ಒಂದು ಪಾಠ ಹಚ್ಚಿದ. ಪ್ರಮೋದ ಜೀಪಿನಿಂದ ಹೆಡ್‌ಫೋನು ತಂದುಕೊಟ್ಟ. ಶಾಂಭವಿ ಅದನ್ನು ಕಿವಿಗೆ ಇಟ್ಟುಕೊಂಡಳು.

ಇತಿಹಾಸದ ಪಾಠ. ದೀಪಾಳ ದನಿ ಹತ್ತಿರದಲ್ಲಿ, ಸ್ಪಷ್ಟವಾಗಿತ್ತು. ನಾಟಕವಿಲ್ಲ, ರಾಗವಿಲ್ಲ. ಇಸವಿ ಬಂದಲ್ಲಿ ಸಣ್ಣ ತಡೆ. ಕೇಳುವವನು ಅದನ್ನು ನೆನಪಿಟ್ಟುಕೊಳ್ಳಲಿ ಎಂದು. ಹಿಂದೆ ಫ್ಯಾನಿಲ್ಲ, ಕೋಳಿಯಿಲ್ಲ, ಕೋಣೆಯ ಗೋಡೆಗಳೇ ಇಲ್ಲ ಎನ್ನುವ ಹಾಗಿತ್ತು. ಸ್ಟುಡಿಯೋದಲ್ಲೂ ಇಷ್ಟು ಶುದ್ಧವಾಗಿ ಹಿಡಿಯಲಾರದ ವಿದ್ಯಾರ್ಥಿಗಳನ್ನು ಶಾಂಭವಿ ಕಂಡಿದ್ದಳು. ಅವಳು ಹೆಡ್‌ಫೋನು ತೆಗೆದಳು.

“ಇದನ್ನು ಎಲ್ಲಿ ಹಿಡಿದೆ?”

“ಭತ್ತದ ಕೋಣೆಲಿ. ಚೀಲ ಒಟ್ಟಿದಲ್ಲಿ ಮಾತಾಡಿದ್ರೆ ದನಿ ಗೋಡೆಗೆ ಬಡ್ದು ತಿರ್ಗಿ ಬರೂದಿಲ್ಲ. ಮಳೆಗಾಲಕ್ಕೆ ಭತ್ತ ಖಾಲಿ ಆಗ್ತದೆ, ಆವಾಗ ದನಿ ಬೇರೆ ಆಗ್ತದೆ. ಕಂಬಳಿ ಕಟ್ಟಿ ನೋಡ್ದೆ. ಆದ್ರೂ ಜೂನ್ ತಿಂಗ್ಳದ್ದೂ ಜನವರಿದ್ದೂ ಒಂದೇ ನಮೂನಿ ಬರೂದಿಲ್ಲ.” ಅಷ್ಟು ಹೊತ್ತಿನ ಸಿಟ್ಟು ಅವಳ ಮಾತಿನಲ್ಲಿ ಈಗ ಇರಲಿಲ್ಲ. “ಅದೆಂತಕೆ ಅಂತ ಯಾರನ್ನಾದ್ರೂ ಕೇಳ್ಬೇಕಿತ್ತು.”

ಶಾಂಭವಿ ಪ್ರಮೋದನ ಮುಖ ನೋಡಿದಳು. ಅವನೂ ಇವಳನ್ನೇ ನೋಡುತ್ತಿದ್ದ.

“ನಮ್ಮಲ್ಲಿ ಧ್ವನಿ ವಿಭಾಗಕ್ಕೆ ಹತ್ತು ಸೀಟು ಇದೆ” ಎಂದಳು. “ಹೋದ ವರ್ಷ ಅದನ್ನೇ ಮೊದಲ ಆಯ್ಕೆ ಅಂತ ಬರೆದವರು ಆರೇ ಜನ. ಎಲ್ಲರಿಗೂ ನಿರ್ದೇಶಕರೇ ಆಗಬೇಕು. ಕಲಿತು ಬಂದವರಿಗೆ ಡಬ್ಬಿಂಗ್ ಕೋಣೆಗಳಲ್ಲಿ, ಓದಿ ಕೇಳಿಸುವ ಪುಸ್ತಕ ಮಾಡುವ ಕಡೆ ಕೆಲಸ ಸಿಗ್ತಿದೆ. ದೊಡ್ಡ ಹೆಸರು ಬರೋದಿಲ್ಲ. ಕತ್ತಲು ಕೋಣೆ, ದಿನಕ್ಕೆ ಹತ್ತು ಗಂಟೆ ಕೂತು ಬೆನ್ನು ಹಿಡಿಯುತ್ತೆ. ನಿನಗೆ ಪೂರ್ತಿ ವಿದ್ಯಾರ್ಥಿವೇತನ ಬರಬೇಕು, ಆದರೆ ಮೊದಲ ವರ್ಷ ಅದು ಕೈಗೆ ಬರೋದು ತಡವಾಗುತ್ತೆ. ಹುಡುಗಿ ಅಂತ ಮೈಕಿನ ಕೋಲು ಕೊಡದೆ ಹಾಜರಿ ಬರೆಯೋಕೆ ಕೂರಿಸೋ ಜನಾನೂ ಇದ್ದಾರೆ. ಇಷ್ಟು ನನಗೆ ಗೊತ್ತಿರುವ ನಿಜ.”

“ಇದೂ ನಿನ್ನೆ ಹೇಳ್ಲಿಲ್ಲ” ಎಂದಳು ದೀಪಾ.

“ಹೇಳಲಿಲ್ಲ. ಹನ್ನೆರಡು ಸ್ಲೈಡಿನಲ್ಲಿ ಧ್ವನಿಗೆ ಇರೋದು ಅರ್ಧ ಸಾಲು.”

ಬಂಗಾರಿ ಕಟ್ಟಿದ ಸೊಪ್ಪಿಗೆ ನೀರು ಚಿಮುಕಿಸುತ್ತ ಕೇಳಿದಳು: “ಇವ್ಳು ಹೋದ್ರೆ ವಿನೋದಂಗೆ ಓದಿ ಕೊಡೂದು ಯಾರು?”

“ನಂದು ಈ ವರ್ಷ ಮುಗೀತದೆ ಚಿಕ್ಕವ್ವ” ಎಂದ ವಿನೋದ. “ಅವ್ಳು ಹೋಗ್ಲಿ.”

ಶನಿಯಾರ ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. “ನೋಡ್ವ. ಬಿ.ಎಡ್ ಅರ್ಜಿಯೂ ಹಾಕ್ಲಿ, ಇದೂ ಹಾಕ್ಲಿ” ಎಂದ. ಹೊರಡುವಾಗ ಎರಡು ಕಟ್ಟು ಹರಿವೆಯನ್ನು ಶಾಂಭವಿಯ ಚೀಲಕ್ಕೆ ಹಾಕಿದ. ಲಾಡ್ಜಿನಲ್ಲಿ ಅದನ್ನು ಏನು ಮಾಡುವುದೆಂದು ತಿಳಿಯದೆ ಅವಳು ಪ್ರಮೋದನ ಮನೆಗೆ ಕೊಟ್ಟಳು.

ಮೂರನೇ ದಿನ ಕುಮಟಾದಲ್ಲಿ ಅವಳು ಪ್ರೊಜೆಕ್ಟರು ಹಚ್ಚಲೇ ಇಲ್ಲ. ಕರೆದಿದ್ದರೂ ಪ್ರಮೋದನಿಗೆ ಬರಲಾಗಲಿಲ್ಲ, ಕತಗಾಲದಲ್ಲಿ ಗೃಹಪ್ರವೇಶವೊಂದನ್ನು ಒಪ್ಪಿಕೊಂಡಿದ್ದ. ಒಬ್ಬಳೇ ಕುರ್ಚಿ ಎಳೆದು ಕೂತು, ಮುಟ್ಟಳ್ಳಿಯ ಅಂಗಳದಲ್ಲಿ ಹೇಳಿದ್ದನ್ನೇ ಹೇಳಿದಳು. ಯಾವ ಕೆಲಸ ಇದೆ, ಯಾವುದು ಇಲ್ಲ, ಎಷ್ಟು ವರ್ಷ ಕಾಯಬೇಕಾಗುತ್ತದೆ, ಕಾಯಲಾರದವರು ಏನು ಮಾಡಿಕೊಂಡಿದ್ದಾರೆ. ಮಕ್ಕಳು ಗಲಾಟೆ ಮಾಡದೆ ಕೇಳಿದರು. ಅರ್ಜಿಯ ಹಾಳೆ ತೆಗೆದುಕೊಂಡವರು ಹನ್ನೊಂದು ಜನ. ತುಂಬಿ ಕೊಟ್ಟವರು ಇಬ್ಬರು. ಪ್ರಾಂಶುಪಾಲರಿಗೆ ಇದು ಹಿಡಿಸಲಿಲ್ಲ. “ಹುರುಪು ತುಂಬಿಸ್ತೀರಿ ಅಂತ ಕರೆಸಿದ್ವಿ” ಎಂದರು. ಅವಳು ಬಸ್‌ಸ್ಟ್ಯಾಂಡು ಮುಟ್ಟುವ ಮೊದಲೇ ಬೆಂಗಳೂರಿನಿಂದ ವಿಭಾಗದ ಮುಖ್ಯಸ್ಥರ ಫೋನು ಬಂತು. ಸಿಟ್ಟು ಮಾಡಲಿಲ್ಲ, ಬಂದ ಮೇಲೆ ಮಾತಾಡೋಣ ಎಂದರು.

ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎಂದು ಅವಳು ಎಣಿಸಿದ್ದಳು. ಹಾಗೇನೂ ಆಗಲಿಲ್ಲ. ಹಸಿವಾಗಿತ್ತು, ಸೊಂಟ ನೋಯುತ್ತಿತ್ತು. ಹೋಟೆಲಿನಲ್ಲಿ ಊಟ ಮಾಡಿ, ಕೈತೊಳೆಯುವಾಗ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಬಸ್ಸಿಗೆ ಕಾಯುತ್ತ ಕೂತಳು.

ಮೇ ತಿಂಗಳಲ್ಲಿ ದೀಪಾ ಪ್ರವೇಶ ಪರೀಕ್ಷೆ ಬರೆದಳು. ಸಂದರ್ಶನದಲ್ಲಿ ಹೊರದೇಶದ ನಿರ್ದೇಶಕರ ಹೆಸರು ಕೇಳಿದಾಗ ಒಂದನ್ನೂ ಹೇಳಲಾಗಲಿಲ್ಲವಂತೆ. ನಿರ್ದೇಶನ ಸಿಗದವರೆಲ್ಲ ಧ್ವನಿಗೆ ಬಂದಿದ್ದರು, ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಮೂರನೆಯದಾಗಿ ಬಂತು. ಅವಳು ಬಿ.ಎಡ್ ಸೀಟಿಗೆ ದಾಖಲೆ ಪತ್ರಗಳನ್ನು ಹೊಂದಿಸಿಕೊಳ್ಳುತ್ತಿರುವಾಗ, ಆಗಸ್ಟಿನಲ್ಲಿ ಧ್ವನಿ ವಿಭಾಗದಿಂದ ಒಬ್ಬ ಬಿಟ್ಟು ಹೋದ. ಕಾಯುವವರಲ್ಲಿ ಮೊದಲಿನ ಇಬ್ಬರು ಫೋನು ಎತ್ತಲಿಲ್ಲ. ಮೂರನೆಯವಳು ಮೊದಲ ರಿಂಗಿಗೇ ಎತ್ತಿದಳು. ಶನಿಯಾರ ಅವಳನ್ನು ಬೆಂಗಳೂರಿಗೆ ತಂದು ಬಿಟ್ಟು, ಅದೇ ದಿನದ ಬಸ್ಸಿಗೆ ತಿರುಗಿ ಹೋದ.

ಶಾಂಭವಿಯ ಗುತ್ತಿಗೆ ಇನ್ನೊಂದು ಹನ್ನೊಂದು ತಿಂಗಳು ಮುಂದುವರಿಯಿತು. ಕರಾವಳಿಗೆ ಹೋಗುವ ಕೆಲಸವನ್ನು ಮಾತ್ರ ಹೊಸದಾಗಿ ಬಂದ ಒಬ್ಬ ಉತ್ಸಾಹಿ ಹುಡುಗನಿಗೆ ಕೊಟ್ಟರು. ಅವಳಿಗೆ ಬೇಸರವೂ ಆಯಿತು, ರಾತ್ರಿ ಬಸ್ಸಿನ ಪ್ರಯಾಣ ತಪ್ಪಿತಲ್ಲ ಎಂಬ ಸಮಾಧಾನವೂ ಆಯಿತು.

ನವೆಂಬರಿನ ಒಂದು ಸಂಜೆ ಅವಳು ಸಂಕಲನದ ಕೋಣೆಗೆ ಬೀಗ ಹಾಕಲು ಎದ್ದಾಗ ದೀಪಾ ಬಾಗಿಲಲ್ಲಿ ನಿಂತಿದ್ದಳು. ಸೊರಗಿದ್ದಳು. ಹಾಸ್ಟೆಲಿನ ಊಟ ಸೇರುವುದಿಲ್ಲ ಎಂದಳು. ಎರಡು ತಿಂಗಳಿಂದ ಕೇಬಲ್ ಸುತ್ತುವುದೇ ಆಯಿತು ಎಂದಳು. ಆಮೇಲೆ ಮೊದಲ ಅಭ್ಯಾಸಕ್ಕಾಗಿ ತಾನೇ ಹಿಡಿದು ಜೋಡಿಸಿದ ಮೂರು ನಿಮಿಷದ ಧ್ವನಿಯನ್ನು ಕೇಳಬೇಕೆಂದು ಕೇಳಿಕೊಂಡಳು.

ಶಾಂಭವಿಗೆ ಸಾಕಾಗಿತ್ತು. ಬೆಳಿಗ್ಗೆಯಿಂದ ಹದಿನಾರು ವಿದ್ಯಾರ್ಥಿಗಳ ಕೆಲಸ ನೋಡಿದ್ದಳು. ಆದರೂ ಕೂತು ಕೇಳಿದಳು. ಮಾರುಕಟ್ಟೆಯಲ್ಲಿ ಅಂಗಡಿಗಳು ಒಂದೊಂದಾಗಿ ಮುಚ್ಚುವ ಸದ್ದು. ಒಂದು ಕಡೆ ಚೆನ್ನಾಗಿ ಬಂದಿದೆ, ಎರಡು ಕಡೆ ತಪ್ಪಿದೆ ಎಂದು ಹೇಳಿ ಎಲ್ಲಿ, ಯಾಕೆ ಎಂದು ತೋರಿಸಿದಳು. ಮೊದಲನೆಯ ತಪ್ಪನ್ನು ದೀಪಾ ಒಪ್ಪಿಕೊಂಡಳು.

“ಎರಡನೇದು ತಪ್ಪಲ್ಲ ಮೇಡಂ. ಕೊನೇ ಅಂಗಡಿ ಮುಚ್ಚಿದ ಮೇಲೆ ಅಷ್ಟು ಹೊತ್ತು ಖಾಲಿ ಹಂಗೇ ಇರ್ಬೇಕು.”

“ಯಾಕೆ ಇರಬೇಕು? ಹೇಳು.”

ದೀಪಾ ಕುರ್ಚಿ ಎಳೆದುಕೊಂಡು ಹೇಳತೊಡಗಿದಳು. ಶಾಂಭವಿ ಅಲ್ಲಗಳೆದಳು. ಮತ್ತೆ ಮೊದಲಿನಿಂದ ಕೇಳಿದರು. ಕಾವಲಿನವನು ಬಂದು ದೀಪ ಆರಿಸಬೇಕು ಎಂದಾಗಲೂ ಇಬ್ಬರೂ ಒಬ್ಬರ ಮಾತನ್ನೊಬ್ಬರು ಒಪ್ಪಿರಲಿಲ್ಲ.